‘ದ ಸ್ಟೋರಿ ಆಫ್ ಆನ್ ಅವರ್’: ಲೂಯೀಸ್ ಸತ್ತಿದ್ದು ಖುಷಿಗಾ?

ಮಡಚಿದ_ಹಾಳೆ:
ಎಲ್ರಿಗೂ ನಮಸ್ಕಾರ. ಅಮೆರಿಕದ ಲೇಖಕಿ ಕೇಟ್ ಶೋಪಾನ್ ಅವರ ಈ ಕಥೆ ಮೇಲೆ ಒಂದು ಪ್ರಬಂಧ ಬರೀಬೇಕು, ವಿಷಯ ‘ವ್ಯಂಗ್ಯ ಮತ್ತು ಹೆಣ್ಣಿನ ಸ್ವಾತಂತ್ರ್ಯ’. ಕಥೆ ಹೆಚ್ಚೂಕಡಿಮೆ ಸಾವಿರ ಪದ ಅಷ್ಟೇ, ಮೂರು ಸಲ ಓದ್ದೆ, ಆದ್ರೂ ಎಲ್ಲೋ ಸಿಕ್ಕಾಕೊಂಡಿದೀನಿ. ಓದದೇ ಇರೋರಿಗೆ ಚಿಕ್ಕದಾಗಿ ಹೇಳ್ತೀನಿ: ಮಿಸೆಸ್ ಮ್ಯಾಲರ್ಡ್‌ಗೆ (ಇವಳೇ ಲೂಯೀಸ್) ಹೃದಯದ ತೊಂದರೆ, ರೈಲು ಅಪಘಾತದಲ್ಲಿ ಗಂಡ ಹೋದ ಅಂತ ಸುದ್ದಿ ಬರುತ್ತೆ, ಅಕ್ಕತಂಗಿ ಜೋಸೆಫೀನ್ ಮೆಲ್ಲಗೆ ಸುತ್ತಿಬಳಸಿ ಹೇಳ್ತಾಳೆ, ಇವಳು ಅತ್ತು ರೂಮಿಗೆ ಹೋಗಿ ಬಾಗಿಲು ಹಾಕ್ಕೋತಾಳೆ, ಅಲ್ಲಿ ಕೂತಿದ್ದಾಗ ನಿಧಾನಕ್ಕೆ ‘ನಾನಿನ್ನು ಸ್ವತಂತ್ರಳು’ ಅನ್ನೋದು ಹೊಳೆಯುತ್ತೆ. ಕೆಳಗೆ ಬಂದ್ರೆ ಗಂಡ ಬಾಗಿಲು ತೆಗೆದು ಒಳಗೆ ಬರ್ತಿದಾನೆ. ಅಲ್ಲೇ ಸಾಯ್ತಾಳೆ. ಡಾಕ್ಟ್ರು ಖುಷಿ ತಡೀಲಾರದೆ ಸತ್ಲು ಅಂತಾರೆ.
ನನ್ ಪ್ರಾಬ್ಲಂ ಏನಂದ್ರೆ, ಗಂಡ ಹೊಡೆದಿಲ್ಲ ಬಡಿದಿಲ್ಲ, ಪ್ರೀತಿಯಿಂದಾನೇ ನೋಡ್ತಿದ್ದ ಅಂತ ಕಥೇಲೇ ಇದೆ, ಹಂಗಿದ್ಮೇಲೆ ಇವಳು ಖುಷಿಪಟ್ಟಿದ್ದು ಸ್ವಾರ್ಥ ಅಲ್ವಾ? ಲೇಖಕಿ ಕೊನೇಗೆ ಸಾಯಿಸಿದ್ದು ಶಿಕ್ಷೆ ಕೊಟ್ಟ ಹಾಗಾ?

ಅಂಚಿನ_ಟಿಪ್ಪಣಿ:
ಎಲ್ರೂ ಕೊನೇ ಸಾಲು ಒಂದನ್ನೇ ಹಿಡ್ಕೊಂಡು ಐರನಿ (ಅದೇ ವ್ಯಂಗ್ಯ) ಐರನಿ ಅಂತಾರೆ, ಅದು ಕಣ್ಣಿಗೆ ರಾಚೋ ಅಂಥದ್ದು, ಓದುಗರಿಗೆ ಗೊತ್ತು ಡಾಕ್ಟ್ರಿಗೆ ಗೊತ್ತಿಲ್ಲ, ಮುಗೀತು. ನೀವು ಸ್ವಲ್ಪ ಹಿಂದಕ್ಕೆ ಹೋಗಿ, ರಿಚರ್ಡ್ಸ್‌ನ ನೋಡಿ. ಗಂಡನ ಸ್ನೇಹಿತ, ಪತ್ರಿಕೆ ಆಫೀಸಲ್ಲಿ ಇರ್ತಾನೆ, ಸತ್ತೋರ ಲಿಸ್ಟಲ್ಲಿ ಮೊದಲು ಬ್ರೆಂಟ್ಲಿ ಮ್ಯಾಲರ್ಡ್ ಹೆಸರು ನೋಡ್ತಾನೆ, ಎರಡನೇ ಟೆಲಿಗ್ರಾಂ ಬರೋವರೆಗೂ ಕಾದು ಖಾತ್ರಿ ಮಾಡ್ಕೊಂಡು, ಬೇರೆ ಯಾರಾದ್ರೂ ಒರಟಾಗಿ ಹೇಳಿಬಿಟ್ಟಾರು ಅಂತ ಓಡಿ ಬರ್ತಾನೆ. ಅದೇ ಮನುಷ್ಯ ಕೊನೇಲಿ ಗಂಡ ಅವಳ ಕಣ್ಣಿಗೆ ಬೀಳಬಾರದು ಅಂತ ಅಡ್ಡ ನಿಲ್ಲೋಕೆ ಹೋಗ್ತಾನೆ, ತಡ ಆಗಿಹೋಗಿರುತ್ತೆ. ಸುಳ್ಳು ಸುದ್ದಿ ತರೋಕೆ ಟೈಮಿಗೆ ಸರಿಯಾಗಿ ಬಂದ, ನಿಜಕ್ಕೆ ಅಡ್ಡ ನಿಲ್ಲೋಕೆ ಲೇಟು. ಇಡೀ ಮನೆ ಅವಳ ಹೃದಯ ಕಾಪಾಡ್ತೀವಿ ಅಂತ ನಿಂತಿದೆ, ಆ ಹೃದಯಕ್ಕೆ ಏನು ಬೇಕಿತ್ತು ಅಂತ ಮಾತ್ರ ಒಬ್ರೂ ಕೇಳಿಲ್ಲ.
ಇನ್ನೊಂದು, ಜೋಸೆಫೀನ್ ಬೀಗದ ತೂತಿಗೆ ಬಾಯಿಟ್ಟು ‘ಬಾಗಿಲು ತೆಗಿ, ಹಿಂಗೇ ಇದ್ರೆ ಕಾಯಿಲೆ ಬೀಳ್ತೀಯ’ ಅಂತ ಬೇಡ್ಕೋತಾಳಲ್ಲ, ಆಗ ಒಳಗೆ ಇವಳು ತೆರೆದ ಕಿಟಕಿಯಿಂದ ಜೀವಾಮೃತ ಕುಡೀತಾ ಕೂತಿದಾಳೆ. ಬಾಗಿಲ ಆಕಡೆ ಒಂದು ಕಥೆ, ಈಕಡೆ ಒಂದು.

ಅಡ್ಡಮಾತು:
ನಾನು ಸ್ವಲ್ಪ ಬೇರೆ ಥರ ಹೇಳ್ತೀನಿ, ಬೈಬೇಡಿ. ಒಂದು ಗಂಟೆ ಒಳಗೆ ಗಂಡನ ಸಾವು ಕೇಳಿ, ಅತ್ತು, ವಿಜಯದೇವತೆ ಥರ ಮೆಟ್ಟಿಲಿಳಿದು ಬರೋದು ನಾರ್ಮಲ್ಲಾ? ಅವಳ ಆ ಸ್ವಾತಂತ್ರ್ಯ ಬರೀ ತಲೆಯೊಳಗಿಂದು, ಹೊರಗಿನ ಜಗತ್ತಿಗೆ ಒಂದ್ಸಲಾನೂ ತಾಗಿಲ್ಲ, ತಾಗಿದ ತಕ್ಷಣ ಒಡೀತು. ವಿಮರ್ಶಕರಲ್ಲೂ ಕೆಲವರು ಹಿಂಗೇ ಓದಿದಾರೆ, ಅವಳದ್ದು ಒಂಥರಾ ಭ್ರಮೆ, ಲೇಖಕಿ ಅವಳ ಪರ ಪೂರ್ತಿ ಇಲ್ಲ ಅಂತ. ಪ್ರಬಂಧದಲ್ಲಿ ಆ ಕಡೆಯ ಮಾತಿಗೂ ಒಂದು ಪ್ಯಾರಾ ಕೊಡಿ.

ಅಂಚಿನ_ಟಿಪ್ಪಣಿ:
@ಅಡ್ಡಮಾತು ಭ್ರಮೆ ಅನ್ನೋದಕ್ಕೆ ಮುಂಚೆ ಒಂದ್ ವಿಷಯ. ಹೆಣದ ಮೇಲೆ ಜೋಡಿಸಿಟ್ಟ ಆ ಮೃದುವಾದ ಕೈ ನೋಡಿದಾಗ ಮತ್ತೆ ಅಳ್ತೀನಿ ಅಂತ ಅವಳಿಗೇ ಗೊತ್ತು. ಅವನನ್ನ ಪ್ರೀತಿಸಿದ್ದೆ, ಕೆಲವು ಸಲ, ಬಹಳ ಸಲ ಇಲ್ಲ ಅಂತಾನೂ ಒಪ್ಕೋತಾಳೆ. ಭ್ರಮೇಲಿರೋರು ಇಷ್ಟು ಲೆಕ್ಕಾಚಾರವಾಗಿ ಮಾತಾಡಲ್ಲ ಕಣ್ರೀ.
ಮೊದಲ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಗಂಡ ರಾಕ್ಷಸ ಆಗಿದ್ರೆ ಕಥೆ ಸಲೀಸು, ಓದುಗರು ಚಪ್ಪಾಳೆ ತಟ್ಟಿ ಎದ್ದು ಹೋಗ್ತಿದ್ರು. ಒಳ್ಳೆಯವನು ಅಂತ ಬರೆದಿರೋದೇ ಚುಚ್ಚೋದು. ಅವಳು ದೂರೋದು ಅವನ ಗುಣಾನಲ್ಲ, ಒಬ್ಬರ ಇಚ್ಛೆನ ಇನ್ನೊಬ್ಬರ ಮೇಲೆ ಹೇರೋ ಹಕ್ಕು ನಮಗಿದೆ ಅಂತ ನಂಬೋದನ್ನ. ಅಲ್ಲೂ ‘ಗಂಡಸರು’ ಅಂತ ಮಾತ್ರ ಇಲ್ಲ, ‘ಗಂಡಸರು ಹೆಂಗಸರು’ ಅಂತಾನೇ ಇದೆ, ಉದ್ದೇಶ ಒಳ್ಳೇದಾಗಿದ್ರೂ ಅದು ಅಪರಾಧಾನೇ ಅಂತಾಳೆ.

ಹಳೇ_ಕನ್ನಡಕ:
ಕಾಲ ಮರೀಬೇಡಿ. ಕಥೆ ಬರೆದಿದ್ದು 1894ರ ಏಪ್ರಿಲ್‌ನಲ್ಲಿ, ಅದೇ ವರ್ಷ ಡಿಸೆಂಬರ್‌ನಲ್ಲಿ ‘ವೋಗ್’ ಪತ್ರಿಕೇಲಿ ಬಂತು, ಆಗ ಹೆಸರು ‘ದ ಡ್ರೀಮ್ ಆಫ್ ಆನ್ ಅವರ್’. ಅಮೆರಿಕಕ್ಕೆ ಇಂಗ್ಲೆಂಡಿನಿಂದ ಬಂದ ಹಳೇ ಕಾನೂನಿನ ಪ್ರಕಾರ ಮದುವೆಯಾದ ಹೆಂಗಸಿಗೆ ಗಂಡನಿಂದ ಬೇರೆಯಾದ ಅಸ್ತಿತ್ವಾನೇ ಇಲ್ಲ, ಆಸ್ತಿ ಹಕ್ಕಿನ ಕಾಯ್ದೆಗಳು ಒಂದೊಂದೇ ರಾಜ್ಯದಲ್ಲಿ ಬರ್ತಾ ಅದು ಸಡಿಲ ಆಗ್ತಿದ್ದ ಕಾಲ, ದೇಶಪೂರ್ತಿ ಮತದಾನದ ಹಕ್ಕು ಸಿಕ್ಕಿದ್ದು 1920ಕ್ಕೆ. ವಿಧವೆಯಾದ್ರೆ ತನ್ನ ವ್ಯವಹಾರ ತಾನೇ ನೋಡ್ಕೊಳ್ಳೋ ಅವಕಾಶ. ಲೇಖಕಿಗೂ ಇದು ಓದಿ ತಿಳಿದ ವಿಷಯ ಅಲ್ಲ, 1882ರಲ್ಲಿ ಗಂಡ ಆಸ್ಕರ್ ತೀರ್ಕೊಂಡ, ಆರು ಮಕ್ಕಳು, ವ್ಯಾಪಾರ ತಾನೇ ನಿಭಾಯಿಸಿದ್ರು, ಪ್ರಕಟಣೆಗೆ ಅಂತ ಬರೆಯೋಕೆ ಶುರು ಮಾಡಿದ್ದೇ ಆಮೇಲೆ.
ಅದಕ್ಕೂ ಹಿಂದೆ, 1855ರಲ್ಲಿ ಮಿಸ್ಸೌರಿಯ ಗ್ಯಾಸ್ಕೊನೇಡ್ ನದಿ ಸೇತುವೆ ಕುಸಿದು ರೈಲು ಬಿತ್ತಲ್ಲ, ಅದರಲ್ಲಿ ಸತ್ತೋರಲ್ಲಿ ಇವರ ಅಪ್ಪಾನೂ ಒಬ್ರು. ಮಗೂಗೆ ಐದು ವರ್ಷ. ಆದ್ರೆ ಕಥೆ ಅಂದ್ರೆ ಆತ್ಮಚರಿತ್ರೆ ಅಂತ ಬರೆದುಬಿಡಬೇಡಿ, ಮಾರ್ಕ್ಸ್ ಕಟ್ ಆಗುತ್ತೆ :)

ಮಡಚಿದ_ಹಾಳೆ:
ತುಂಬಾ ಥ್ಯಾಂಕ್ಸ್. ಈಗ ನಾಲ್ಕನೇ ಸಲ ಓದಿ ಬಂದೆ. ಎರಡು ವಿಷಯ ಕಣ್ಣಿಗೆ ಬಿತ್ತು. ಶುರುವಿಂದ ಅವಳು ಬರೀ ‘ಮಿಸೆಸ್ ಮ್ಯಾಲರ್ಡ್’, ಲೂಯೀಸ್ ಅನ್ನೋ ಹೆಸರು ಮೊದಲ ಸಲ ಕೇಳಿಸೋದು ಜೋಸೆಫೀನ್ ಬಾಗಿಲ ಹೊರಗಿಂದ ಕೂಗಿದಾಗ, ಅಂದ್ರೆ ಸ್ವತಂತ್ರಳು ಅಂತ ಅವಳಿಗೆ ಅನ್ಸಿದ ಮೇಲೆ. ಗಂಡ ಬಂದ ಮೇಲೆ ಅವಳು ಮತ್ತೆ ಬರೀ ‘ಹೆಂಡತಿ’. ಇನ್ನೊಂದು, ಬದುಕು ಉದ್ದ ಇರುತ್ತೇನೋ ಅಂತ ನಿನ್ನೆ ತಾನೇ ನಡುಗಿದೋಳು ಇವತ್ತು ಆಯುಸ್ಸು ಉದ್ದ ಇರ್ಲಿ ಅಂತ ಪ್ರಾರ್ಥಿಸ್ತಾಳೆ. ಆಮೇಲೆ ಎಷ್ಟು ನಿಮಿಷ ಬದುಕಿದ್ಲು?
ಸ್ವಾರ್ಥ ಅನ್ನೋ ಪದ ಪ್ರಬಂಧದಿಂದ ತೆಗೆದೆ. ಶಿಕ್ಷೆನಾ ಅನ್ನೋದು ಇನ್ನೂ ಕೊರೀತಿದೆ.

ಅಂಚಿನ_ಟಿಪ್ಪಣಿ:
ಕೊರೀಲಿ ಬಿಡಿ, ಅದನ್ನೇ ಪ್ರಶ್ನೆಯಾಗಿ ಬರೀರಿ. ಹಾಂ, ಗಂಡ ಒಳಗೆ ಬರೋ ಸಾಲನ್ನ ಒಂದ್ಸಲ ಜೋರಾಗಿ ಓದಿ: ಪ್ರಯಾಣದ ಧೂಳು, ಕೈಲಿ ಬ್ಯಾಗು, ಛತ್ರಿ, ಅಪಘಾತ ಆಗಿದ್ದೇ ಅವನಿಗೆ ಗೊತ್ತಿಲ್ಲ. ಬೀಗ ತೆಗೆಯೋ ಕೀಲಿ ಅವನ ಹತ್ರಾನೇ ಇತ್ತು.