ಕಡೇ ಐದು ಮೀಟರ್

"ಕ್ಯಾಶ್ ಸಿಗುತ್ತೆ ಅಂದ್ರೆ ನಾನೂ ಬರ್ತೀನಿ," ಅಂದ ಗಿರಿ.

ಜಿಯೋಕ್ಯಾಶಿಂಗ್ ಅನ್ನೋ ಪದ ಕಿವಿಗೆ ಬಿದ್ದವರೆಲ್ಲ ಮೊದಲು ಕೇಳೋದು ಇದನ್ನೇ, ಅವನದೇನೂ ತಪ್ಪಿಲ್ಲ. ಈ ಕ್ಯಾಶ್ ಬೇರೆ, ಬಚ್ಚಿಟ್ಟ ವಸ್ತು ಅಂತ ಅರ್ಥ, ಕೇಳೋಕೆ ಮಾತ್ರ ಎರಡೂ ಒಂದೇ, ಅದನ್ನು ಜಿಪಿಎಸ್ ಹಿಡಿದು ಹುಡುಕೋ ಆಟ ಇದು ಅಂತ ಹೇಳಿದೆ. ಅವನ ಆಸಕ್ತಿ ಅಲ್ಲೇ ಅರ್ಧ ಇಳಿಯಿತು.

"ಮತ್ತೆ ಏನು ಸಿಗುತ್ತೆ?"

"ಒಂದು ಡಬ್ಬಿ."

"ಡಬ್ಬಿಯೊಳಗೆ?"

"ಒಂದು ಕಾಗದ. ಅದರಲ್ಲಿ ಹೆಸರು ಬರೆದು, ಡಬ್ಬಿ ಎಲ್ಲಿತ್ತೋ ಅಲ್ಲೇ ಇಟ್ಟು ಬರಬೇಕು."

ಗಿರಿ ಸ್ವಲ್ಪ ಹೊತ್ತು ಯೋಚಿಸಿದ. "ಅಂದ್ರೆ ಬಿಸಿಲಲ್ಲಿ ಹೋಗಿ ಹಾಜರಿ ಹಾಕಿ ಬರೋದು. ಆಫೀಸಲ್ಲಿ ಇದೇ ಕೆಲಸಕ್ಕೆ ಸಂಬಳ ಕೊಡ್ತಾರಲ್ಲೋ!"

ಮಾಲತಿಗೆ ರೇಗಿತು. "ಡಬ್ಬಿ ದೊಡ್ಡದಿದ್ದರೆ ಗೊಂಬೆ, ಕೀಚೈನು ಅಂಥದ್ದೂ ಇರುತ್ತೆ ಕಣೋ. ಒಂದು ತಗೊಂಡರೆ ಅಷ್ಟೇ ಬೆಲೆಯದ್ದು, ಇಲ್ಲಾ ಇನ್ನೂ ಒಳ್ಳೇದು ಇಡಬೇಕು. ತಿನ್ನೋದು ಮಾತ್ರ ಇಡಬಾರದು, ಪ್ರಾಣಿಗಳು ವಾಸನೆ ಹಿಡಿದು ಬಂದುಬಿಡುತ್ತವೆ."

"ಈ ಆಟದ ಮೊಟ್ಟಮೊದಲನೇ ಡಬ್ಬಿಯಲ್ಲೇ ಬೀನ್ಸ್ ಇತ್ತಲ್ಲೇ," ಅಂದ ಶೀನ. ಅವನು ಯಾವ ಆಟಕ್ಕೆ ಸೇರಿದರೂ ಅದರ ಚರಿತ್ರೆ ಓದಿಕೊಂಡೇ ಬರ್ತಾನೆ, ನೀರಿನ ಬಾಟಲಿ ಮಾತ್ರ ಮರೀತಾನೆ. ಸರಿ, ಶುರು ಮಾಡಿದ. ಮೊದಲೆಲ್ಲ ಅಮೆರಿಕದವರು ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ತಪ್ಪು ಸೇರಿಸಿ ಬಿಡುತ್ತಿದ್ದರಂತೆ, ಹಾಲಿಗೆ ನೀರು ಬೆರೆಸಿದ ಹಾಗೆ. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳ ಶುರುವಿನಲ್ಲಿ ಅದನ್ನು ನಿಲ್ಲಿಸಿದರು. ಮೇ 3ಕ್ಕೇ ಡೇವ್ ಅಲ್ಮರ್ ಅನ್ನೋರು, ಈಗ ಎಷ್ಟು ಸರಿಯಾಗಿ ತೋರಿಸುತ್ತೆ ನೋಡೋಣ ಅಂತ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರ ಒಂದು ಕಪ್ಪು ಬಕೆಟ್ಟನ್ನು ಅರ್ಧ ಹೂತಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಮೂರು ದಿನದೊಳಗೆ ಇಬ್ಬರು ಹುಡುಕಿಬಿಟ್ಟರು.

"ಇವತ್ತು ಡಬ್ಬಿಯಲ್ಲಿ ತಿಂಡಿ ಇಡಬಾರದು, ನೆಲ ಅಗೆದು ಹೂಳಬಾರದು," ಅಂದ ಶೀನ. "ಆಟ ಶುರು ಮಾಡಿದವರೇ ಎರಡೂ ಮಾಡಿದ್ದಾರೆ!"

"ಸರಿ ಮಾರಾಯ, ಶುರು ಮಾಡೋದು ಹೇಗೆ?" ಅಂದ ಗಿರಿ. ಇಷ್ಟು ಕೇಳಿದ ಅಂದ್ರೆ ಮೀನು ಗಾಳದ ಹತ್ತಿರ ಬಂತು ಅಂತ ಲೆಕ್ಕ.

ಶುರು ಮಾಡೋದು ಸುಲಭ. ಆಪ್ ಹಾಕಿಕೊಂಡು ಖಾತೆ ತೆರೆದರೆ ಹತ್ತಿರದ ಡಬ್ಬಿಗಳು ನಕ್ಷೆಯಲ್ಲಿ ಕಾಣುತ್ತವೆ, ಕೆಲವು ಮಾತ್ರ ದುಡ್ಡು ಕಟ್ಟಿದ ಸದಸ್ಯರಿಗೆ. ಪ್ರತಿ ಡಬ್ಬಿಗೂ 1ರಿಂದ 5ರವರೆಗೆ ಎರಡು ಅಂಕ ಇರುತ್ತೆ. ಒಂದು ಹುಡುಕೋದು ಎಷ್ಟು ಕಷ್ಟ ಅಂತ, ಇನ್ನೊಂದು ಅಲ್ಲಿಗೆ ತಲುಪೋದು ಎಷ್ಟು ಕಷ್ಟ ಅಂತ. ಜಾಗದ ಅಂಕ 1 ಇದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು, 5 ಇದ್ದರೆ ದೋಣಿಯೋ ಹಗ್ಗವೋ ಬೇಕು. ಹೊಸಬರು ಎರಡೂ ಒಂದೂವರೆ ದಾಟದ, ಸ್ವಲ್ಪ ದೊಡ್ಡ ಡಬ್ಬಿಯನ್ನೇ ಆರಿಸಿಕೊಳ್ಳಬೇಕು. ಹಿಂದೆ ಹೋದವರು ಬರೆದದ್ದನ್ನೂ ಓದಬೇಕು. ಕಡೇ ನಾಲ್ಕು ಜನವೂ ಡಿಎನ್‌ಎಫ್, ಅಂದ್ರೆ ಸಿಗಲಿಲ್ಲ ಅಂತ ಬರೆದಿದ್ದರೆ ಡಬ್ಬಿಯೇ ಮಾಯ ಆಗಿರಬಹುದು.

"ನೀವು ಇದನ್ನೆಲ್ಲ ಓದಿದ್ರಾ?"

ಮೂವರೂ ಬೇರೆ ಬೇರೆ ಕಡೆ ನೋಡಿದೆವು. ನಾವು ಹತ್ತಿರದಲ್ಲಿದೆ ಅನ್ನೋ ಒಂದೇ ಕಾರಣಕ್ಕೆ ನ್ಯಾನೋ ಆರಿಸಿಕೊಂಡಿದ್ದೆವು. ನ್ಯಾನೋ ಅಂದ್ರೆ ಕಿರುಬೆರಳ ತುದಿಯಷ್ಟು ದೊಡ್ಡ ಡಬ್ಬಿ, ಕೆಳಗೆ ಅಯಸ್ಕಾಂತ. ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರೋ ಉಪಗ್ರಹಗಳು ನಮ್ಮನ್ನು ಪಾರ್ಕಿನ ಒಂದು ಬೆಂಚಿನ ತನಕ ಕೈ ಹಿಡಿದು ಕರೆದುಕೊಂಡು ಬಂದವು, ಆಮೇಲೆ ಕೈ ಬಿಟ್ಟವು. ಫೋನು ಒಮ್ಮೆ ಬೆಂಚು ಅನ್ನುತ್ತೆ, ಒಮ್ಮೆ ಮರ ಅನ್ನುತ್ತೆ, ಒಮ್ಮೆ ಹಿಂದಿರುಗಿ ಅನ್ನುತ್ತೆ. ಐದು ಮೀಟರ್ ಆಚೀಚೆ ಅದಕ್ಕೆ ಮಾಮೂಲು. ನಮಗೆ ಆ ಐದು ಮೀಟರ್‌ಗೇ ಒಂದು ಗಂಟೆ ಹಿಡಿಯಿತು. ಶೀನ ಬೆಂಚಿನ ಅಡಿ ಕೈ ಹಾಕಿ "ಸಿಕ್ತು!" ಅಂತ ಕೂಗಿದ. ಯಾರೋ ಅಗಿದು ಅಂಟಿಸಿದ್ದ ಚೂಯಿಂಗ್ ಗಮ್.

"ಜನ ನೋಡ್ತಿರಲಿಲ್ವಾ?"

"ಅದೇ ಕಣೋ ನಿಜವಾದ ಕಷ್ಟ," ಅಂದಳು ಮಾಲತಿ. ಆಟ ಗೊತ್ತಿಲ್ಲದವರನ್ನು ಮಗ್ಗಲ್ ಅನ್ನುತ್ತಾರೆ, ನಮ್ಮ ಪಾಲಿಗೆ ಮಗ್ಗುಲಲ್ಲೇ ಬಂದು ನಿಲ್ಲೋರು. ಅವರ ಕಣ್ಣಿಗೆ ಬೀಳದ ಹಾಗೆ ಹುಡುಕಬೇಕು. ಆದರೆ ಮೂರು ಜನ ದೊಡ್ಡವರು ಬೆಂಚಿನ ಸುತ್ತ ಮಂಡಿಯೂರಿ ತೆವಳುತ್ತಿದ್ದರೆ ಯಾರು ಸುಮ್ನೆ ಹೋಗ್ತಾರೆ ಹೇಳಿ? ವಯಸ್ಸಾದ ಒಬ್ಬ ಯಜಮಾನರು ನಿಂತು, "ಏನಮ್ಮಾ ಕಳಕೊಂಡ್ರಿ?" ಅಂದರು. ಮಾಲತಿ ಗಾಬರಿಯಲ್ಲಿ "ಓಲೆ" ಅಂದುಬಿಟ್ಟಳು. ಎರಡೂ ಓಲೆ ಅವಳ ಕಿವಿಯಲ್ಲೇ ಇದ್ದವು! ಕೂದಲು ಎಳೆದು ಮುಚ್ಚಿಕೊಂಡಳು. ಯಜಮಾನರು ಕನ್ನಡಕ ಹಾಕಿಕೊಂಡರು, ಇನ್ನಿಬ್ಬರನ್ನು ಕರೆದರು, ನೋಡನೋಡುತ್ತಾ ಆರು ಜನ ಇಲ್ಲದ ಓಲೆಯನ್ನು ಹುಡುಕುತ್ತಿದ್ದೆವು. ವಾಕಿಂಗ್ ಬಂದಿದ್ದ ಒಬ್ಬರು ಓಲೆ ಕಳೆದರೆ ಮೊದಲು ಏನು ಮಾಡಬೇಕು ಅಂತ ನಿಂತಲ್ಲೇ ಉಪದೇಶ ಮಾಡಿದರು, ಬಗ್ಗಲಿಲ್ಲ.

"ಓಲೆ ಇಲ್ಲಮ್ಮ," ಅಂದರು ಯಜಮಾನರು ಕಡೆಗೆ. "ಆದ್ರೆ ಈ ಬೆಂಚಿನ ನಟ್ಟು ಸಡಿಲ ಆಗಿದೆ ನೋಡಿ." ಅಂದವರೇ ಅದನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡರು.

ಅದೇ ನ್ಯಾನೋ. ನಿಜ ಹೇಳದೆ ಬೇರೆ ದಾರಿಯಿರಲಿಲ್ಲ. ಅವರಿಗೆ ಬೇಜಾರಾಗೋದಿರಲಿ, ತಾವೇ ಮುಚ್ಚಳ ತಿರುಗಿಸಿ, ಬೀಡಿಗಿಂತ ಸಣ್ಣಗೆ ಸುತ್ತಿದ್ದ ಕಾಗದವನ್ನು ಉಗುರಲ್ಲಿ ಹೊರಗೆಳೆದರು. ಆಗ ಗೊತ್ತಾಯಿತು, ನಮ್ಮ ಮೂವರ ಹತ್ತಿರವೂ ಪೆನ್ನಿಲ್ಲ. ಕಾಗದದಲ್ಲಿ ಹೆಸರು ಬರೆಯದಿದ್ದರೆ ಸಿಕ್ಕಿದ್ದು ಲೆಕ್ಕಕ್ಕಿಲ್ಲ. ಯಜಮಾನರು ಜೇಬಿನಿಂದ ಪೆನ್ನು ತೆಗೆದು, ಮೊದಲು ತಮ್ಮ ಹೆಸರನ್ನೇ ಇನಿಷಿಯಲ್ ಸಮೇತ ದಪ್ಪಗೆ ಬರೆದರು. ಅದೇ ಮೂರು ಸಾಲು ತಿಂದಿತು. ಉಳಿದ ಅಂಚಿನಲ್ಲಿ ನಾವು ಒಂದೊಂದು ಅಕ್ಷರ ತುರುಕಿದೆವು. ಕಾಗದವನ್ನು ಮತ್ತೆ ಅಷ್ಟೇ ಸಣ್ಣಗೆ ಸುತ್ತೋಕೆ ಶೀನನಿಗೆ ಹತ್ತು ನಿಮಿಷ ಬೇಕಾಯಿತು.

ಗಿರಿ ಎಲ್ಲ ಕೇಳಿಸಿಕೊಂಡ. "ಅವರ ಹತ್ತಿರ ಆಪ್ ಇತ್ತಾ?"

"ಇಲ್ಲ."

"ಜಿಪಿಎಸ್?"

"ಅದೂ ಇಲ್ಲ."

"ಮತ್ತೇನಿತ್ತೋ?"

"ಪೆನ್ನು."