ಒಂದು ಓಟಿಗೆ ಎಷ್ಟು ಖರ್ಚು? ಅಭ್ಯರ್ಥಿಗಳ ಲೆಕ್ಕ ಬರೆಯುವ ಆಡಿಟರ್ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಹೋದ ವಾರ ಆದಾಯ ತೆರಿಗೆ ಪ್ರಶ್ನೆಗಳ ನಡುವೆ ಯಾರೋ ಚುನಾವಣೆ ಖರ್ಚಿನ ಬಗ್ಗೆ ಕೇಳಿದ್ದರು. ನಾನು ಲೆಕ್ಕಪರಿಶೋಧಕಿ. 2008ರಿಂದ ಬೇರೆ ಬೇರೆ ಪಕ್ಷಗಳ ಅಭ್ಯರ್ಥಿಗಳಿಗೆ ಖರ್ಚಿನ ಪುಸ್ತಕ ಬರೆದುಕೊಟ್ಟಿದ್ದೇನೆ. ಯಾವ ಪಕ್ಷ, ಯಾವ ಅಭ್ಯರ್ಥಿ ಅಂತ ಹೇಳುವುದಿಲ್ಲ. ಉಳಿದಿದ್ದನ್ನು ಕೇಳಿ.

ಪ್ರಶ್ನೆ (ತಿಪಟೂರಿನ ಒಬ್ಬ ಶಿಕ್ಷಕರು): ಮೇಡಂ, ಎಂಎಲ್‌ಎ ಚುನಾವಣೆಗೆ 40 ಲಕ್ಷ ಮಿತಿ ಅಂತ ಪೇಪರಲ್ಲಿ ಬರುತ್ತದೆ. ನಮ್ಮೂರ ಹೋಟೆಲಲ್ಲಿ ಕೂತರೆ ಇಪ್ಪತ್ತು ಕೋಟಿ, ಮೂವತ್ತು ಕೋಟಿ ಅಂತಾರೆ. ನಿಜವಾಗಿ ಒಂದು ಓಟಿಗೆ ಎಷ್ಟು ಬೀಳುತ್ತದೆ?

ಉತ್ತರ: ಮೇಷ್ಟ್ರೇ, ಮೊದಲು ಕಾಗದದ ಮೇಲಿನ ಲೆಕ್ಕ ಮಾಡೋಣ. 2023ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ರಾಜ್ಯದಲ್ಲಿ ಸುಮಾರು 5.31 ಕೋಟಿ ಮತದಾರರಿದ್ದರು. 224 ಕ್ಷೇತ್ರಕ್ಕೆ ಹಂಚಿದರೆ ಒಂದೊಂದಕ್ಕೆ 2.37 ಲಕ್ಷ. 40 ಲಕ್ಷವನ್ನು ಅದರಿಂದ ಭಾಗಿಸಿ. ಒಬ್ಬ ಮತದಾರನಿಗೆ 17 ರೂಪಾಯಿ ಆಗುತ್ತದೆ. ಗೆದ್ದವರಿಗೆ 80 ಸಾವಿರ ಓಟು ಬಿದ್ದಿದೆ ಅಂತಿಟ್ಟುಕೊಂಡರೆ ಸಿಕ್ಕ ಓಟಿಗೆ 50 ರೂಪಾಯಿ. ಲೋಕಸಭೆಗೆ ಮಿತಿ 95 ಲಕ್ಷ. ಅಲ್ಲಿ ಹದಿನೆಂಟು, ಹತ್ತೊಂಬತ್ತು ಲಕ್ಷ ಮತದಾರರಿರುತ್ತಾರೆ. ತಲೆಗೆ ಐದು ರೂಪಾಯಿ. ಒಂದು ಟೀ ಸಹ ಬರಲ್ಲ.

ಇನ್ನು ಹೋಟೆಲಿನ ಲೆಕ್ಕ. ಅದಕ್ಕೆ ರಸೀದಿ ಇಲ್ಲ, ಅಂದಾಜು ಮಾತ್ರ ಇದೆ. ದೆಹಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ ಸಂಸ್ಥೆ 2018ರ ಕರ್ನಾಟಕ ಚುನಾವಣೆಗೆ 9,500ರಿಂದ 10,500 ಕೋಟಿ ರೂಪಾಯಿ ಖರ್ಚಾಗಿದೆ ಅಂತ ಹೇಳಿತ್ತು. ಎಲ್ಲ ಪಕ್ಷ, ಎಲ್ಲ ಅಭ್ಯರ್ಥಿಗಳೂ ಸೇರಿ. ಆಗ ಮತದಾರರು ಸುಮಾರು 5 ಕೋಟಿ. ತಲೆಗೆ ಎರಡು ಸಾವಿರ ರೂಪಾಯಿ ಆಯಿತು. ಕ್ಷೇತ್ರಕ್ಕೆ ಹಂಚಿದರೆ ಸುಮಾರು 45 ಕೋಟಿ. ಆಗ ಒಬ್ಬ ಅಭ್ಯರ್ಥಿಗಿದ್ದ ಮಿತಿ ಎಷ್ಟು ಗೊತ್ತಾ? 28 ಲಕ್ಷ. ಅಂದಾಜಿನಲ್ಲಿ ಅರ್ಧ ಸುಳ್ಳು ಅಂತ ತೆಗೆದುಹಾಕಿದರೂ ಉಳಿಯುವ ಅಂತರ ನೋಡಿ.

ಪ್ರಶ್ನೆ (ಅದೇ ಶಿಕ್ಷಕರು): ಅಷ್ಟೊಂದು ದುಡ್ಡು ಪೂರ್ತಿ ಓಟಿಗೆ ಹಂಚೋಕೆ ಹೋಗುತ್ತಾ?

ಉತ್ತರ: ಇಲ್ಲ. ಎಲ್ಲರೂ ಕೈಗೆ ಕೊಡುವ ನೋಟನ್ನೇ ನೋಡುತ್ತಾರೆ. ನಾನು ಪುಸ್ತಕ ಬರೆಯುವಾಗ ನನ್ನ ಕಣ್ಣಿಗೆ ಮೊದಲು ಬೀಳುವುದು ಹುಡುಗರ ಖರ್ಚು. 2023ರಲ್ಲಿ ರಾಜ್ಯದಲ್ಲಿ 58 ಸಾವಿರಕ್ಕೂ ಜಾಸ್ತಿ ಮತಗಟ್ಟೆಗಳಿದ್ದವು. ಅಂದರೆ ಕ್ಷೇತ್ರಕ್ಕೆ ಸುಮಾರು 260 ಬೂತ್. ಬೂತಿಗೆ ಬರೀ ನಾಲ್ಕು ಜನ ಇಟ್ಟುಕೊಳ್ಳಿ. ಊಟ, ಪೆಟ್ರೋಲು, ಕೂಲಿ ಎಲ್ಲ ಸೇರಿ ತಲೆಗೆ ದಿನಕ್ಕೆ 500 ರೂಪಾಯಿ ಅಂತ ಹಿಡಿಯಿರಿ. ಒಂದು ದಿನಕ್ಕೆ 5.2 ಲಕ್ಷ. ಹದಿನೈದು ದಿನಕ್ಕೆ 78 ಲಕ್ಷ. ಒಂದು ಸೀರೆ ಕೊಟ್ಟಿಲ್ಲ, ಒಂದು ಬಾಟಲಿ ಕೊಟ್ಟಿಲ್ಲ, ಒಂದು ಸಭೆ ಮಾಡಿಲ್ಲ. ಆಗಲೇ ಮಿತಿಯ ಎರಡರಷ್ಟು ಆಗಿಹೋಯಿತು. ಪುಸ್ತಕದಲ್ಲಿ ಆ ಹುಡುಗರೆಲ್ಲ ಸ್ವಯಂಸೇವಕರು ಅಂತ ಇರುತ್ತದೆ. ಕೆಲವರು ನಿಜವಾಗಿ ಅಭಿಮಾನಕ್ಕೇ ಓಡಾಡುತ್ತಾರೆ, ಇಲ್ಲ ಅನ್ನಲ್ಲ. ಎಲ್ಲರೂ ಅಲ್ಲ.

ಪ್ರಶ್ನೆ (ಮಂಡ್ಯದಿಂದ): ಮೇಡಂ, ನಮ್ಮ ಕಡೆ ಕ್ರೇನಲ್ಲಿ ಸೇಬಿನ ಹಾರ ಹಾಕ್ತಾರೆ, ಜೆಸಿಬಿ ಮೇಲಿಂದ ಹೂವು ಸುರೀತಾರೆ. ಅದೆಲ್ಲ ಯಾರ ಲೆಕ್ಕಕ್ಕೆ?

ಉತ್ತರ: ಅಭ್ಯರ್ಥಿ ಲೆಕ್ಕಕ್ಕೇ ಬರಬೇಕು. ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೊರಗಿನವರಿಗೆ ಇದು ಕಾಣುವುದೇ ಇಲ್ಲ.

ನಾಮಪತ್ರ ಹಾಕಿದ ದಿನ ಅಭ್ಯರ್ಥಿ ಕೈಗೆ ಒಂದು ಪುಸ್ತಕ ಕೊಡುತ್ತಾರೆ. ಅದರಲ್ಲಿ ಮೂರು ಬಣ್ಣದ ಹಾಳೆ ಇರುತ್ತದೆ. ಬಿಳಿ ಹಾಳೆಯಲ್ಲಿ ದಿನದಿನದ ಖರ್ಚು, ಗುಲಾಬಿ ಹಾಳೆಯಲ್ಲಿ ನಗದು, ಹಳದಿ ಹಾಳೆಯಲ್ಲಿ ಬ್ಯಾಂಕು. ಚುನಾವಣೆಗೆ ಅಂತಲೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ ಹತ್ತು ಸಾವಿರಕ್ಕಿಂತ ಜಾಸ್ತಿ ನಗದು ಕೊಡುವ ಹಾಗಿಲ್ಲ. ಟೀ, ತಿಂಡಿ, ಕುರ್ಚಿ, ಶಾಮಿಯಾನ, ಮೈಕು, ಬಾವುಟ, ಕಾರಿನ ಬಾಡಿಗೆ, ಹೀಗೆ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ಮೊದಲೇ ಒಂದು ದರಪಟ್ಟಿ ಮಾಡಿರುತ್ತಾರೆ. ನೀವು "ಕುರ್ಚಿ ನಮ್ಮ ಮಾವನದು, ಪುಕ್ಕಟೆ" ಅಂದರೂ ಪಟ್ಟಿಯ ದರ ಬರೆಯಲೇಬೇಕು.

ಇನ್ನೊಂದು ಕಡೆ ಸರ್ಕಾರದ ವಿಡಿಯೋ ತಂಡ ಸಭೆಗೆ ಬಂದು ಚಿತ್ರ ತೆಗೆಯುತ್ತದೆ. ಆಮೇಲೆ ಆಫೀಸಲ್ಲಿ ಕೂತು ಅದನ್ನು ನೋಡುತ್ತಾ ಕುರ್ಚಿ ಎಣಿಸುತ್ತಾರೆ, ವಾಹನ ಎಣಿಸುತ್ತಾರೆ. ಅದಕ್ಕೆ ಅವರದ್ದೇ ಇನ್ನೊಂದು ಪುಸ್ತಕ ಇರುತ್ತದೆ, ನೆರಳು ಪುಸ್ತಕ ಅಂತ ಕರೆಯೋಣ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ನಮ್ಮ ಪುಸ್ತಕವನ್ನು ಅದರ ಪಕ್ಕ ಇಟ್ಟು ನೋಡುತ್ತಾರೆ. ಒಂದು ಸಲ ನಾನು 300 ಕುರ್ಚಿ ಅಂತ ಬರೆದಿದ್ದೆ, ಏಜೆಂಟ್ ಹೇಳಿದ್ದು ಅಷ್ಟೇ. ಅಲ್ಲಿನ ಅಧಿಕಾರಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಮೇಡಂ, ನೀವೇ ಎಣಿಸಿ" ಅಂದರು. ಸಾಲು ಸಾಲು ಎಣಿಸಿದೆ. 840 ಇತ್ತು. ಅವತ್ತು ನನಗೆ ತುಂಬಾ ನಾಚಿಕೆಯಾಯಿತು. ಅವತ್ತಿನಿಂದ ಕಣ್ಣಾರೆ ಫೋಟೊ ನೋಡದೆ ಸಂಖ್ಯೆ ಬರೆಯುವುದನ್ನು ಬಿಟ್ಟಿದ್ದೇನೆ.

ಸೇಬಿನ ಹಾರಕ್ಕೆ ಬರುತ್ತೇನೆ. "ಅಭಿಮಾನಿಗಳು ಹಾಕಿದ್ದು" ಅಂತ ಎಲ್ಲರೂ ಹೇಳುತ್ತಾರೆ. ಅಭ್ಯರ್ಥಿಗೆ ಗೊತ್ತಿದ್ದು, ಅವರ ಒಪ್ಪಿಗೆಯಿಂದ ಆಗಿದ್ದರೆ ಅದು ಅವರ ಖರ್ಚೇ. ಹಾರಕ್ಕೆ ಕತ್ತು ಒಡ್ಡಿ ನಿಂತ ಮೇಲೆ ಗೊತ್ತಿರಲಿಲ್ಲ ಅನ್ನೋಕೆ ಹೇಗಾಗುತ್ತದೆ?

ಪ್ರಶ್ನೆ (ಹಾಸನದಿಂದ ಒಬ್ಬ ಗೃಹಿಣಿ): ನಮ್ಮ ಬೀದಿಗೆ 2023ರ ಯುಗಾದಿಗೆ ಮುಂಚೆಯೇ ಕುಕ್ಕರ್ ಬಂತು, ಫೋಟೊ ಸಮೇತ. ಅದು ಖರ್ಚಿಗೆ ಸೇರಿತಾ ಅಕ್ಕ?

ಉತ್ತರ: ಸೇರಿರುವುದಿಲ್ಲಮ್ಮ. ನನಗೆ ಬಹಳ ಬೇಜಾರು ತರಿಸುವ ವಿಷಯ ಇದೇ. ಕಾನೂನಿನ ಪ್ರಕಾರ ಪುಸ್ತಕ ಶುರುವಾಗುವುದು ನಾಮಪತ್ರ ಹಾಕಿದ ದಿನ, ಮುಗಿಯುವುದು ಫಲಿತಾಂಶದ ದಿನ. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ. ಚುನಾವಣೆ ಘೋಷಣೆ ಆಗಿದ್ದು ಮಾರ್ಚ್ 29ಕ್ಕೆ. ನಾಮಪತ್ರ ಶುರುವಾಗಿದ್ದು ಏಪ್ರಿಲ್ 13ಕ್ಕೆ. ಮೇ 13ಕ್ಕೆ ಫಲಿತಾಂಶ. ಅಂದರೆ ಪುಸ್ತಕಕ್ಕೆ ಸಿಗುವುದು ಹೆಚ್ಚೆಂದರೆ ಒಂದು ತಿಂಗಳು. ಕುಕ್ಕರ್, ಸೀರೆ, ಧರ್ಮಸ್ಥಳ ತಿರುಪತಿ ಬಸ್ಸು, ಕ್ರಿಕೆಟ್ ಟೂರ್ನಮೆಂಟು, ಇವೆಲ್ಲ ಅದಕ್ಕೂ ಮೊದಲೇ ಮುಗಿದಿರುತ್ತದೆ. ಮೊದಲೇ ಮಾಡಿಸಿಟ್ಟ ಪಾಂಪ್ಲೆಟ್ಟು, ಬಾವುಟವನ್ನು ನಾಮಪತ್ರದ ನಂತರ ಬಳಸಿದರೆ ಲೆಕ್ಕಕ್ಕೆ ಬರುತ್ತದೆ. ಹಂಚಿ ಮುಗಿಸಿದ ಕುಕ್ಕರ್ ಬರಲ್ಲ.

ಪ್ರಶ್ನೆ (ಹುಬ್ಬಳ್ಳಿಯಿಂದ): ದೊಡ್ಡ ನಾಯಕರ ಹೆಲಿಕಾಪ್ಟರ್?

ಉತ್ತರ: ತಾರಾ ಪ್ರಚಾರಕರ ಓಡಾಟದ ಖರ್ಚು ಪಕ್ಷದ್ದು, ಅಭ್ಯರ್ಥಿಗೆ ಬರಲ್ಲ. ಮಾನ್ಯತೆ ಇರುವ ಪಕ್ಷ 40 ಜನರ ಪಟ್ಟಿ ಕೊಡಬಹುದು. ಆದರೆ ಅಭ್ಯರ್ಥಿ ಅದೇ ವೇದಿಕೆ ಹತ್ತಿದರೆ ಸಭೆಯ ಖರ್ಚಿನಲ್ಲಿ ಪಾಲು ಬೀಳುತ್ತದೆ. ಪಕ್ಷಕ್ಕೆ ಮಾತ್ರ ಯಾವ ಮಿತಿಯೂ ಇಲ್ಲ ಸರ್. ಎಷ್ಟು ನೂರು ಕೋಟಿಯಾದರೂ ಖರ್ಚು ಮಾಡಬಹುದು. ಅಭ್ಯರ್ಥಿಯ ಕೈ ಕಟ್ಟಿ ಪಕ್ಷದ ಕೈ ಬಿಟ್ಟರೆ ಮಿತಿಗೆ ಅರ್ಥ ಏನು? ಅಭ್ಯರ್ಥಿಯ ಮಿತಿಯನ್ನು ನಂಬುವ ಹಾಗೆ ಸ್ವಲ್ಪ ಏರಿಸಲಿ, ಪಕ್ಷಕ್ಕೂ ಒಂದು ಮಿತಿ ಹಾಕಲಿ ಅನ್ನುವುದು ನನ್ನ ಅಭಿಪ್ರಾಯ. ಕ್ಷೇತ್ರ ನೋಡಿಯೂ ಮಾಡಬೇಕು. ಶೃಂಗೇರಿಯಲ್ಲಿ ಎರಡು ಲಕ್ಷಕ್ಕಿಂತ ಕಡಿಮೆ ಮತದಾರರು, ಬೆಂಗಳೂರು ದಕ್ಷಿಣದಲ್ಲಿ ಆರು ಲಕ್ಷಕ್ಕಿಂತ ಜಾಸ್ತಿ. ಎರಡಕ್ಕೂ ಅದೇ 40 ಲಕ್ಷ.

ಪ್ರಶ್ನೆ (ಹೆಸರು ಬೇಡ ಅಂದವರು): ದುಡ್ಡು ತಗೊಂಡವರು ಅವರಿಗೇ ಓಟು ಹಾಕ್ತಾರಾ? ನಮ್ಮನೆಯಲ್ಲಿ ಎರಡೂ ಕಡೆಯಿಂದ ಬಂತು.

ಉತ್ತರ: ಕೊಡುವವರಿಗೂ ಅದು ಗೊತ್ತು. ಹಾಗಿದ್ದೂ ಯಾಕೆ ಕೊಡುತ್ತಾರೆ ಅಂತ ಒಬ್ಬ ಅಭ್ಯರ್ಥಿಯನ್ನು ನಾನೇ ಕೇಳಿದ್ದೆ. "ಕೊಟ್ಟರೆ ಓಟು ಬರುತ್ತೆ ಅಂತಲ್ಲ ಮೇಡಂ, ಅವನು ಕೊಟ್ಟು ನಾನು ಕೊಡದೇ ಇದ್ದರೆ ನನ್ನ ಹುಡುಗರೇ ಸೋತೆವು ಅಂತ ಮನೆಗೆ ಹೋಗ್ತಾರೆ" ಅಂದರು. ಅಂದರೆ ಭಯಕ್ಕೆ ಕೊಡುವ ದುಡ್ಡು ಅದು.

ಆ ಭಯಕ್ಕೆ ಕಾರಣವೂ ಇದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಓಟಿನಿಂದ. 40,752ಕ್ಕೆ 40,751. 2023ರಲ್ಲಿ ಜಯನಗರದಲ್ಲಿ ಅಂತರ ಬರೀ 16. ಇಂಥದ್ದು ನೋಡಿದ ಮೇಲೆ ಎಲ್ಲರ ತಲೆಯಲ್ಲೂ ಕೊನೆಯ ನೂರು ಓಟಿನದೇ ಯೋಚನೆ. ಅದಕ್ಕೇ ಕೊನೆಯ ಎರಡು ರಾತ್ರಿ ರೇಟು ಏರುವುದು. ಪೈಪೋಟಿ ಇಲ್ಲದ ಕಡೆ ಯಾರೂ ಬಾಗಿಲು ತಟ್ಟಲ್ಲ, ಗಮನಿಸಿ ನೋಡಿ.

ಒಂದು ಮಾತು ನೆನಪಿಡಿ. ಕೊಟ್ಟವರಿಗಷ್ಟೇ ಅಲ್ಲ, ತಗೊಂಡವರಿಗೂ ಒಂದು ವರ್ಷದವರೆಗೆ ಜೈಲು ಆಗಬಹುದು.

ಪ್ರಶ್ನೆ (ರಾಯಚೂರಿನ ಒಬ್ಬ ಯುವಕ): ಅಕ್ಕ, ನಾನು ನಮ್ಮ ತಾಲೂಕಲ್ಲಿ ನೀರಿನ ವಿಷಯಕ್ಕೆ ಹೋರಾಟ ಮಾಡ್ತಿದ್ದೀನಿ. ಮುಂದಿನ ಸಲ ನಿಂತ್ಕೋ ಅಂತ ಜನ ಅಂತಾರೆ. ದುಡ್ಡಿಲ್ಲದೆ ಆಗುತ್ತಾ?

ಉತ್ತರ: ತಮ್ಮಾ, ನಿಲ್ಲೋಕೆ ಆಗುತ್ತೆ. ಠೇವಣಿ ಹತ್ತು ಸಾವಿರ, ಪರಿಶಿಷ್ಟ ಜಾತಿ ಪಂಗಡದವರಿಗೆ ಐದು ಸಾವಿರ. ಚಲಾವಣೆಯಾದ ಓಟಿನಲ್ಲಿ ಆರನೇ ಒಂದು ಭಾಗ ಬರದಿದ್ದರೆ ಅದು ವಾಪಸ್ ಬರಲ್ಲ. ಗೆಲ್ಲುವ ಮಾತು ಕಷ್ಟ, ಸುಳ್ಳು ಭರವಸೆ ಕೊಡಲ್ಲ. ದುಡ್ಡು ಒಂದೇ ಗೆಲ್ಲಿಸಲ್ಲ, ನೀರಿನ ಹಾಗೆ ಸುರಿದು ಸೋತವರ ಪುಸ್ತಕವನ್ನೂ ನಾನು ಬರೆದಿದ್ದೇನೆ. ಆದರೆ ಒಂದು ಮಟ್ಟದ ದುಡ್ಡಿಲ್ಲದವರನ್ನು ಜನ ಸ್ಪರ್ಧೆಯಲ್ಲಿ ಇದ್ದಾರೆ ಅಂತಲೇ ಲೆಕ್ಕಕ್ಕೆ ಹಿಡಿಯಲ್ಲ. ಒಳ್ಳೆಯವರು ಆ ಬಾಗಿಲಲ್ಲೇ ನಿಂತುಬಿಡುತ್ತಾರೆ. ನನಗೆ ನಿಜವಾದ ನಷ್ಟ ಅನಿಸುವುದು ಅದು.

ನಿಂತರೆ ಒಂದು ಕೆಲಸ ತಪ್ಪಿಸಬೇಡ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಕೊಡಲೇಬೇಕು, ಸೋತರೂ. ಕೊಡದಿದ್ದರೆ ಮೂರು ವರ್ಷ ಸ್ಪರ್ಧೆಗೆ ಅನರ್ಹ. ಹೆಚ್ಚಾಗಿ ಸಿಕ್ಕಿಹಾಕಿಕೊಳ್ಳುವವರು ಬಡ ಪಕ್ಷೇತರರೇ. ಎರಡು ಲಕ್ಷವೂ ಖರ್ಚು ಮಾಡಿರುವುದಿಲ್ಲ, ಸೋತ ಬೇಜಾರಲ್ಲಿ ಪುಸ್ತಕ ಮೂಲೆಗೆ ಎಸೆದಿರುತ್ತಾರೆ. ನಿನ್ನ ಪುಸ್ತಕ ನಾನು ದುಡ್ಡಿಲ್ಲದೆ ಬರೆದುಕೊಡುತ್ತೇನೆ. ಫೋನ್ ಮಾಡು.

ಪ್ರಶ್ನೆ (ಬೆಂಗಳೂರಿನ ಒಬ್ಬ ವಕೀಲರು): ಮಿತಿ ಮೀರಿದ್ದಕ್ಕೆ ಯಾರಿಗಾದರೂ ಶಿಕ್ಷೆಯಾಗಿದೆಯೇ?

ಉತ್ತರ: ಸರ್, ನಿಮಗೆ ಗೊತ್ತಿರುವುದೇ, ಬೇರೆಯವರಿಗಾಗಿ ಹೇಳುತ್ತೇನೆ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು 2011ರಲ್ಲಿ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. ಸುದ್ದಿಯ ರೂಪದಲ್ಲಿ ಬಂದ ಜಾಹೀರಾತಿನ 21,250 ರೂಪಾಯಿಯನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ ಅಂತ. ಇನ್ನೊಂದು ಕಡೆ ಮಹಾರಾಷ್ಟ್ರದ ಸಂಸದ ಗೋಪಿನಾಥ ಮುಂಡೆ 2013ರಲ್ಲಿ ಸಭೆಯಲ್ಲೇ, 2009ರ ಲೋಕಸಭೆ ಚುನಾವಣೆಗೆ ಎಂಟು ಕೋಟಿ ಖರ್ಚು ಮಾಡಿದ್ದೆ ಅಂದರು. ಆಗಿನ ಮಿತಿ 25 ಲಕ್ಷ. ನೋಟಿಸ್ ಬಂತು, ಸ್ಥಾನ ಹೋಗಲಿಲ್ಲ.

ಇದಕ್ಕೆ ಒಂದು ಕಾರಣ ತಾರೀಖಿನಲ್ಲೇ ಇದೆ. ಮಿತಿ ಮೀರಿದರೆ ಅದು ಭ್ರಷ್ಟ ಆಚರಣೆ, ಆದರೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ ಹಾಕಿ ಸಾಬೀತು ಮಾಡಬೇಕು. ಅರ್ಜಿಗೆ 45 ದಿನ ಗಡುವು. ಅಭ್ಯರ್ಥಿ ಲೆಕ್ಕ ಕೊಡುವುದು ಮೂವತ್ತನೇ ದಿನ. ಉಳಿದ ಹದಿನೈದು ದಿನದಲ್ಲಿ ಓದಿ, ಸಾಕ್ಷಿ ಹುಡುಕಿ, ವಕೀಲರನ್ನು ಹಿಡಿದು, ಅರ್ಜಿ ಹಾಕಬೇಕು. ಯಾರಿಗೆ ಸಾಧ್ಯ?

ಚುನಾವಣೆಗೆ ಮೊದಲೇ ಹಿಡಿಯುವ ಕೆಲಸ ಮಾತ್ರ ಜಾಸ್ತಿಯಾಗಿದೆ. ನಮ್ಮಲ್ಲಿ 2018ರಲ್ಲಿ ಸುಮಾರು 84 ಕೋಟಿಯ ನಗದು, ಮದ್ಯ, ಸಾಮಾನು ಸಿಕ್ಕಿತ್ತು. 2023ರಲ್ಲಿ 375 ಕೋಟಿ ದಾಟಿತು. 2019ರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಹಣ ಸಿಕ್ಕಿದ್ದಕ್ಕೆ ಲೋಕಸಭೆ ಚುನಾವಣೆಯನ್ನೇ ರದ್ದು ಮಾಡಿ ಆಗಸ್ಟ್‌ನಲ್ಲಿ ಮತ್ತೆ ನಡೆಸಿದರು.

ಪ್ರಶ್ನೆ (ತಿಪಟೂರಿನ ಶಿಕ್ಷಕರು): ನಮ್ಮ ಎಂಎಲ್‌ಎ ಪುಸ್ತಕ ನಾನು ನೋಡಬಹುದಾ ಮೇಡಂ?

ಉತ್ತರ: ಖಂಡಿತ ನೋಡಬಹುದು ಮೇಷ್ಟ್ರೇ. ಇಷ್ಟು ವರ್ಷದಲ್ಲಿ ನಾನು ಬರೆದ ಯಾವ ಪುಸ್ತಕವನ್ನೂ ಒಬ್ಬ ಮತದಾರ ಬಂದು ಕೇಳಿದ್ದು ನನಗೆ ಗೊತ್ತಿಲ್ಲ. ಡಿಸಿ ಆಫೀಸಿನ ಚುನಾವಣಾ ಶಾಖೆಗೆ ಹೋಗಿ. ಲೆಕ್ಕದ ಪ್ರತಿ ಬೇಕು ಅಂತ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ. ಪುಟಕ್ಕೆ ಒಂದು ರೂಪಾಯಿ. ಅಭ್ಯರ್ಥಿಯ ಪುಸ್ತಕ ಒಂದೇ ಕೇಳಬೇಡಿ, ಅಧಿಕಾರಿಗಳ ನೆರಳು ಪುಸ್ತಕದ ಪ್ರತಿಯನ್ನೂ ಕೇಳಿ. ಪ್ರಚಾರದ ದಿನಗಳಲ್ಲಿ ನಿಮ್ಮ ಫೋನಿನಲ್ಲಿ ತೆಗೆದ ಫೋಟೊ ಇದ್ದರೆ ತಾರೀಖು ಹೊಂದಿಸಿ ನೋಡಿ. ಅವತ್ತಿನ ಬಿಳಿ ಹಾಳೆಯಲ್ಲಿ ಎಷ್ಟು ಕುರ್ಚಿ, ಎಷ್ಟು ಗಾಡಿ, ಎಷ್ಟು ಊಟ ಅಂತಿದೆ ಓದಿ. ಅರ್ಥವಾಗದ ಪುಟವನ್ನು ಇಲ್ಲಿ ಹಾಕಿ, ಕೂತು ಬಿಡಿಸಿ ಹೇಳುತ್ತೇನೆ.