ಸಾಲು ಬಿಟ್ಟು ಸಾಲಿಗೆ ಬಣ್ಣ: ನೀವು ಯಾವ ದಾರಿ ಹಿಡಿದಿರಿ?

ಹಾಲಿನ ಸಂಘದ ಗುಮಾಸ್ತ: ನಮ್ಮ ಸದಸ್ಯರ ಪಟ್ಟಿ ಎಕ್ಸೆಲ್‌ನಲ್ಲಿದೆ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನ ಕೊಬ್ಬಲ್ಲದ ಘನಾಂಶ), ಪಶು ಆಹಾರದ ಕಡಿತ ಎಂದು ಕಾಲಂಗಳು ಬೆಳೆದು, ಒಬ್ಬರ ಹಣವನ್ನು ಇನ್ನೊಬ್ಬರ ಸಾಲಿನಲ್ಲಿ ಓದುವಂತಾಗಿದೆ. ಒಂದು ಬಿಟ್ಟು ಒಂದು ಸಾಲಿಗೆ ಬಣ್ಣ ಬೇಕು. ಬಾಕಿದಾರರನ್ನಷ್ಟೇ ಫಿಲ್ಟರ್ ಮಾಡಿದಾಗಲೂ ಕೆಡಬಾರದು. ಅನುಭವಸ್ಥರು ತಿಳಿಸಿ.

ಶಾಲಾ ಕಚೇರಿಯವಳು: ನನಗಿಂತ ಮುಂಚೆ ಇದ್ದವರು ಪ್ರತಿ ಸಾಲಿಗೂ ಕೈಯಾರೆ ನೀಲಿ ಬಳಿದು ಹೋಗಿದ್ದರು. ಅಂಕದ ಪ್ರಕಾರ ಸಾರ್ಟ್ ಮಾಡಿದ ಕೂಡಲೇ ಬಣ್ಣವೂ ಮಕ್ಕಳ ಹೆಸರಿನ ಜೊತೆ ಎದ್ದು ಹೊರಟಿತು. ಒಂದೆಡೆ ನೀಲಿಯ ಗುಂಪು, ಇನ್ನೊಂದೆಡೆ ಬಿಳಿಯ ಗುಂಪು. ಪೋಷಕರೊಬ್ಬರು, ನೀಲಿಯವರೆಲ್ಲ ಶುಲ್ಕ ಕಟ್ಟದವರೇ ಎಂದು ಸಭೆಯಲ್ಲೇ ಕೇಳಿದರು! ಅಂದಿನಿಂದ ಕಂಟ್ರೋಲ್ ಮತ್ತು ಟಿ ಒತ್ತಿ ಟೇಬಲ್ ಮಾಡುತ್ತೇನೆ. ಸಾರ್ಟ್ ಆಗಲಿ, ಫಿಲ್ಟರ್ ಆಗಲಿ, ಪಟ್ಟೆ ತಾನೇ ಸರಿಹೋಗುತ್ತದೆ. ಆದರೆ ಎರಡು ಅಂತಸ್ತಿನ ತಲೆಬರಹಕ್ಕಾಗಿ ಮರ್ಜ್ ಮಾಡಿ ಒಂದಾಗಿಸಿದ್ದ ಕೋಶಗಳೆಲ್ಲ ಬಿಡಿಬಿಡಿಯಾದವು. ಅದನ್ನು ಮತ್ತೆ ಜೋಡಿಸಲು ಟೇಬಲ್ ಬಿಡುವುದಿಲ್ಲ. ಮುಖ್ಯೋಪಾಧ್ಯಾಯರು ಇಂದಿಗೂ ಆ ತಲೆಬರಹವನ್ನೇ ಕೇಳುತ್ತಾರೆ.

ಅಡಿಕೆ ಮಂಡಿ ಲೆಕ್ಕಿಗ: ಟೇಬಲ್ ಎನ್ನುವುದು ಸೋಮಾರಿಗಳ ದಾರಿ. ಕಂಡೀಷನಲ್ ಫಾರ್ಮ್ಯಾಟಿಂಗ್‌ನಲ್ಲಿ, ಅಂದರೆ ನಿಯಮದ ಪ್ರಕಾರ ತಾನೇ ಬಣ್ಣ ಬರುವ ಸೌಲಭ್ಯದಲ್ಲಿ, ಎಂಒಡಿ (ಭಾಗಿಸಿದ ಶೇಷ) ಮತ್ತು ರೋ (ಸಾಲಿನ ಸಂಖ್ಯೆ) ಸೇರಿಸಿ ಬರೆದರೆ ಮರ್ಜ್ ಹಾಗೆಯೇ ಉಳಿಯುತ್ತದೆ. ಫಿಲ್ಟರ್ ಬೇಕೆಂದರೆ ರೋ ಬದಲು ಸಬ್‌ಟೋಟಲ್ ಹಾಕಿ, ಮೊದಲ ಅಂಕಿ 3 ಕೊಡಿ. ಫಿಲ್ಟರ್ ಆದ ಮೇಲೆ ಉಳಿದ ಸಾಲುಗಳನ್ನಷ್ಟೇ ಎಣಿಸುತ್ತದೆ. ನಾನು ಕಷ್ಟಪಟ್ಟಿದ್ದು ಬೇರೆ ಕಡೆ. ಹುಡುಗರು ಸಾಲುಗಳನ್ನು ಕತ್ತರಿಸಿ ಅಂಟಿಸುತ್ತ ಹೋದಂತೆ, ಒಂದೇ ನಿಯಮ ಚೂರುಚೂರಾಗಿ ಪಟ್ಟಿಯುದ್ದಕ್ಕೂ ಹರಡಿತು. ಸುಗ್ಗಿಯ ಕಾಲದಲ್ಲಿ ಫೈಲ್ ತೆರೆಯಲು ಇಟ್ಟು ಚಹಾ ಕುಡಿದು ಬರುತ್ತಿದ್ದೆವು. ಈಗ ಕತ್ತರಿಸದೆ ಕಾಪಿ ಮಾಡಿ, ವ್ಯಾಲ್ಯೂಸ್ ಆಗಿಯೇ (ನಿಯಮ ಬಿಟ್ಟು ಬರೀ ಅಂಕಿ-ಅಕ್ಷರ) ಅಂಟಿಸಬೇಕೆಂದು ಗೋಡೆಗೆ ಚೀಟಿ ಹಚ್ಚಿದ್ದೇನೆ.

ಶಾಲಾ ಕಚೇರಿಯವಳು: ಸೋಮಾರಿಗಳ ಫೈಲ್ ತಕ್ಷಣ ತೆರೆಯುತ್ತದೆ, ಸ್ವಾಮಿ. ನಿಮ್ಮ ಸಬ್‌ಟೋಟಲ್ ಪ್ರತಿ ಸಾಲಿನಲ್ಲೂ ಮೇಲಿನಿಂದ ಮತ್ತೆ ಎಣಿಸಿಕೊಂಡು ಬರುತ್ತದೆ. ಸಾವಿರಾರು ಸಾಲಿದ್ದರೆ ಚಹಾದ ಜೊತೆ ತಿಂಡಿಯೂ ಆದೀತು.

ಲಿಬ್ರೆ ಆಫೀಸ್ ಬಳಕೆದಾರ: ಇಬ್ಬರೂ ದುಡ್ಡು ಕೊಟ್ಟು ಜಗಳವಾಡುತ್ತಿದ್ದೀರಿ. ಎಕ್ಸೆಲ್‌ನಂಥದ್ದೇ ಆದ ನನ್ನ ಕ್ಯಾಲ್ಕ್‌ನಲ್ಲಿ, ಸಾಲಿನ ಸಂಖ್ಯೆ ಸಮವೇ ಎಂದು ನೋಡುವ ಈಸ್‌ಈವನ್ ಎಂಬ ಒಂದೇ ಸೂತ್ರ ಸಾಕು. ನಿಮ್ಮಂಥವರು ಕಳಿಸುವ ಟೇಬಲ್‌ಗಳು ನನ್ನ ಆವೃತ್ತಿಯಲ್ಲಿ ಬರೀ ಬಿಳಿಯಾಗಿ ತೆರೆಯುತ್ತವೆ. ಲೆಕ್ಕಪರಿಶೋಧಕರ ಮುಂದೆ ಅವಮಾನವಾಗಿದ್ದು ನನಗೆ, ನಿಮಗಲ್ಲ.

ಅಡಿಕೆ ಮಂಡಿ ಲೆಕ್ಕಿಗ: ಪುಕ್ಕಟೆ ತಂತ್ರಾಂಶ ಬಳಸಿ, ನಾವು ಕಳಿಸಿದ ಫೈಲ್‌ನ ಮೇಲೆ ದೂರು ಬೇರೆ!

ನಿವೃತ್ತ ಬ್ಯಾಂಕ್ ನೌಕರ: ನಮ್ಮ ಕಾಲದಲ್ಲಿ ಸಾಲಿಗೆ 132 ಅಕ್ಷರ ಹಿಡಿಸುವ ಉದ್ದನೆಯ ಕಾಗದದ ಮೇಲೆಯೇ ತಿಳಿಹಸಿರು ಪಟ್ಟೆ ಅಚ್ಚಾಗಿ ಬರುತ್ತಿತ್ತು. ಡಾಟ್ ಮ್ಯಾಟ್ರಿಕ್ಸ್ ಮುದ್ರಕ ಕಿರುಚಿದರೂ ಸಾಲು ತಪ್ಪುತ್ತಿರಲಿಲ್ಲ. ಈಗ ನಮ್ಮ ಬಡಾವಣೆಯ ನಿರ್ವಹಣಾ ವೆಚ್ಚದ ಪಟ್ಟಿಯನ್ನು ಕಾರ್ಯದರ್ಶಿ ಗಾಢ ನೀಲಿ ಪಟ್ಟೆ ಹಾಕಿ ಮುದ್ರಿಸುತ್ತಾರೆ. ಟೋನರ್ ಬೇಗ ಬತ್ತುತ್ತದೆ, ಅದರ ಖರ್ಚೂ ಅದೇ ಪಟ್ಟಿಯಲ್ಲಿ ನಮ್ಮ ತಲೆಗೇ ಬರುತ್ತದೆ. ಜೆರಾಕ್ಸ್ ತೆಗೆದರೆ ನೀಲಿ ಕಪ್ಪಾಗಿ ಅಂಕಿ ಮುಳುಗುತ್ತದೆ.

ಜಾಲತಾಣ ಮಾಡುವವನು: ಆನ್‌ಲೈನ್ ಪಟ್ಟಿಯಲ್ಲಿ ಇನ್ನೊಂದು ಪಾಡು. ಪುಟದ ಬಣ್ಣ-ವಿನ್ಯಾಸ ಬರೆಯುವ ಸಿಎಸ್‌ಎಸ್‌ನಲ್ಲಿ, ಎಷ್ಟನೆಯ ಸಾಲು ಎಂದು ಆರಿಸುವ ಎನ್‌ಟಿಎಚ್-ಚೈಲ್ಡ್‌ಗೆ ಈವನ್ (ಸಮ) ಎಂದು ಕೊಟ್ಟು ನೆಮ್ಮದಿಯಾಗಿದ್ದೆ. ಗ್ರಾಹಕರು ಹುಡುಕುವ ಪೆಟ್ಟಿಗೆ ಕೇಳಿದರು. ಅಡಗಿಸಿದ ಸಾಲುಗಳೂ ಎಣಿಕೆಗೆ ಬರುವುದರಿಂದ ಪಟ್ಟೆಗಳು ಎರ್ರಾಬಿರ್ರಿಯಾದವು. ಪ್ರತಿ ಹುಡುಕಾಟದ ನಂತರ ಜಾವಾಸ್ಕ್ರಿಪ್ಟ್‌ನಿಂದ ಮತ್ತೆ ಬಳಿಯುವಂತೆ ಬರೆದುಕೊಟ್ಟೆ. ಅದಕ್ಕೆ ಬೇರೆ ಹಣ ಕೊಡಲಿಲ್ಲ, ಹಳೆಯ ಬಿಲ್ಲೂ ಬಾಕಿ ಇದೆ.

ಶಾಲಾ ಕಚೇರಿಯವಳು: ನಿವೃತ್ತರೇ, ಪೇಜ್ ಸೆಟಪ್‌ನ ಶೀಟ್ ವಿಭಾಗದಲ್ಲಿ ಬ್ಲ್ಯಾಕ್ ಆಂಡ್ ವೈಟ್ ಎಂಬುದಕ್ಕೆ ಗುರುತು ಹಾಕಲು ಕಾರ್ಯದರ್ಶಿಗೆ ಹೇಳಿ. ತೆರೆಯ ಮೇಲೆ ಬಣ್ಣ ಇರುತ್ತದೆ, ಕಾಗದಕ್ಕೆ ಬರುವುದಿಲ್ಲ.

ನಿವೃತ್ತ ಬ್ಯಾಂಕ್ ನೌಕರ: ಕಾಗದಕ್ಕೆ ಬಾರದ ಪಟ್ಟೆಯಿಂದ ನನಗೇನು ಪ್ರಯೋಜನ, ತಾಯಿ? ನಾನು ಓದುವುದೇ ಕಾಗದದಲ್ಲಿ. ತಿಳಿ ಬೂದು ಹಾಕಿ ಎಂದರೆ, ಬೂದು ಅಶುಭ ಎನ್ನುತ್ತಾರೆ ಆ ಮಹಾನುಭಾವರು.